ಮೋರಿಯಾಗೆ ಹೋಗಿದ್ದು ತಪ್ಪಾ?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ 'ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯ ಬಗ್ಗೆ ಬಂದ ಬರಹ ಓದಿ ಖುಷಿಯಾಯಿತು. ಕೆಟ್ಟ ಶಕ್ತಿಯ ಉಂಗುರವೊಂದನ್ನು ಶತ್ರುವಿನ ನಾಡಾದ ಮಾರ್ಡಾರ್‌ನ ಬೆಂಕಿಬೆಟ್ಟಕ್ಕೆ ಎಸೆದು ನಾಶಮಾಡಲು ಫ್ರೋಡೊ ಮತ್ತು ಎಂಟು ಸಂಗಡಿಗರು ಹೊರಡುವ ಕಥೆ ಅದು. ಒಂದು ಮಾತು ಮಾತ್ರ ಒಪ್ಪಲು ಆಗಲಿಲ್ಲ. ಮೋರಿಯಾ ಗಣಿಯೊಳಗೆ ಹೋಗಿದ್ದೇ ದೊಡ್ಡ ತಪ್ಪು, ಬೇರೆ ದಾರಿ ಹಿಡಿದಿದ್ದರೆ ಅವರ ಜೊತೆಗಿದ್ದ ಮಾಂತ್ರಿಕ ಗ್ಯಾಂಡಾಲ್ಫ್ ಪ್ರಪಾತಕ್ಕೆ ಬೀಳುತ್ತಿರಲಿಲ್ಲ, ಉಂಗುರವೂ ಬೇಗ ನಾಶವಾಗುತ್ತಿತ್ತು ಅಂತ ಲೇಖಕರು ಬರೆದಿದ್ದಾರೆ. ಅಷ್ಟು ಸುಲಭವಲ್ಲ.

ಬೇರೆ ದಾರಿ ಅಂದರೆ ಯಾವುದು? ಸಂಗಡಿಗ ಬೊರೊಮಿರ್ ಹೇಳಿದ ರೋಹನ್ ನಾಡಿನ ಕಡೆಯ ದಾರಿ ದ್ರೋಹಿ ಮಾಂತ್ರಿಕ ಸರುಮಾನ್‌ನ ಮನೆ ಬಾಗಿಲಲ್ಲೇ ಹಾದುಹೋಗುತ್ತದೆ. ಆ ಉಂಗುರದ ಮೇಲೆ ಕಣ್ಣಿಟ್ಟು ಕೂತವನ ಮುಂದೆ ಅದನ್ನೇ ಹೊತ್ತುಕೊಂಡು ಹೋಗೋದಾ? ಇನ್ನು ಕರಾದ್ರಾಸ್ ಬೆಟ್ಟವನ್ನು ಅವರು ಹತ್ತಿ ನೋಡಿದ್ದರು, ಹಿಮ ವಾಪಸ್ ಕಳಿಸಿತು.

ಸರಿ, ಹಿಮ ಬೀಳಲೇ ಇಲ್ಲ, ಒಂಬತ್ತೂ ಜನ ಬೆಟ್ಟ ದಾಟಿದರು ಅಂತಲೇ ಇಟ್ಟುಕೊಳ್ಳೋಣ. ಆಗ, ಹಿಂದೆ ಆ ಉಂಗುರ ಇಟ್ಟುಕೊಂಡಿದ್ದ, ಈಗಲೂ ಅದಕ್ಕಾಗಿ ಹಂಬಲಿಸುವ ಗೊಲ್ಲಮ್ ಎಲ್ಲಿ? ಅವನು ಫ್ರೋಡೊ ಬೆನ್ನು ಹತ್ತಿದ್ದೇ ಮೋರಿಯಾದಲ್ಲಿ, ಅನುಬಂಧದಲ್ಲಿ ಜನವರಿ 13 ಅಂತ ತಾರೀಖೂ ಇದೆ. ಆ ಕತ್ತಲಲ್ಲಿ ಹಿಂದಿನಿಂದ ಬರಿಗಾಲಿನ ಮೆತ್ತನೆಯ ಸಪ್ಪಳ ಬರುತ್ತದೆ. ಪ್ರತಿಧ್ವನಿ ಇರಬೇಕು ಅಂದುಕೊಳ್ಳುವಷ್ಟರಲ್ಲಿ, ಎಲ್ಲರೂ ನಿಂತ ಮೇಲೂ ಅದೊಂದೇ ಸ್ವಲ್ಪ ಹೊತ್ತು ನಡೆದು ಆಮೇಲೆ ನಿಲ್ಲುತ್ತದೆ. ಆ ಸಪ್ಪಳ ಇಲ್ಲದಿದ್ದರೆ ಮುಂದೆ ಜೌಗು ದಾಟಿಸಿ ಮಾರ್ಡಾರ್‌ಗೆ ದಾರಿ ತೋರಿಸುವವರೇ ಇರುತ್ತಿರಲಿಲ್ಲ. ಬಿದ್ದ ಗ್ಯಾಂಡಾಲ್ಫ್ ಕೂಡ ಸುಮ್ನೆ ಎದ್ದು ಬರಲಿಲ್ಲ, ಸತ್ತು ಹೊಸ ಬಲದೊಂದಿಗೆ ಬಂದ, ಸರುಮಾನ್‌ನ ಕೋಲು ಮುರಿದದ್ದು ಆಮೇಲೆಯೇ.

ಗಣಿಯ ಬಾಗಿಲಲ್ಲಿ ಫ್ರೋಡೊನ ಸೇವಕ ಸ್ಯಾಮ್ ತನ್ನ ಪುಟ್ಟ ಕುದುರೆ ಬಿಲ್‌ನನ್ನು ಬಿಟ್ಟುಕೊಡುವ ಪುಟ ಬಂದಾಗಲೆಲ್ಲ ನನಗೂ ಈ ದಾರಿ ಬೇಡಪ್ಪಾ ಅನಿಸುತ್ತದೆ. ಎಷ್ಟು ಸಲ ಓದಿದರೂ ಅಷ್ಟೇ. ಆದರೂ ಕೊನೆಯ ದಿನ, ಮಾರ್ಚ್ 25, ನೆನಪಿಗೆ ಬರುತ್ತದೆ. ಅಷ್ಟು ಕಷ್ಟಪಟ್ಟು ಬೆಂಕಿಯ ಅಂಚಿಗೆ ಬಂದ ಫ್ರೋಡೊ ಉಂಗುರ ಎಸೆಯುವುದಿಲ್ಲ ಅಂತಾನೆ, ಬೆರಳಿಗೇ ಹಾಕಿಕೊಳ್ಳುತ್ತಾನೆ. ಬೆರಳು ಕಚ್ಚಿ ಕಿತ್ತು, ಉಂಗುರದ ಸಮೇತ ಬೆಂಕಿಗೆ ಬಿದ್ದವನು ಗೊಲ್ಲಮ್.

ಬೆಟ್ಟದ ದಾರಿಯಲ್ಲಿ ಬಂದಿದ್ದರೆ ಆ ಅಂಚಿನಲ್ಲಿ ಸ್ಯಾಮ್ ಒಬ್ಬನೇ ಇರುತ್ತಿದ್ದ, ಅಲ್ವಾ? ಅಷ್ಟು ದೂರ ಹೆಗಲ ಮೇಲೆ ಹೊತ್ತು ತಂದ ಯಜಮಾನನ ಕೈಗೆ ಅವನು ಬಾಯಿ ಹಾಕುತ್ತಿದ್ದನಾ?

— ಒಬ್ಬ ಓದುಗ