ಡಿಜಿಟಲ್ ಪಠ್ಯಪುಸ್ತಕಗಳ ಬಳಕೆ: ಅನಾಟಮಿ ಬೋಧಕರ ಗಮನಕ್ಕೆ

ಮಾನ್ಯರೇ,

ಮೊದಲ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಓದಲು ಸೂಚಿಸುವಾಗ ಎಲ್ಲಿಂದಲೋ ಬಂದ ಸ್ಕ್ಯಾನ್ ಪ್ರತಿಗಳನ್ನು ದಯವಿಟ್ಟು ಹಂಚದೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹೆಲಿನೆಟ್ ಡಿಜಿಟಲ್ ಗ್ರಂಥಾಲಯದಲ್ಲಿ ದೊರೆಯುವ ಇ-ಪುಸ್ತಕಗಳ ಲಿಂಕನ್ನೇ ಕಳುಹಿಸಬೇಕೆಂದು ಕೋರಲಾಗಿದೆ. ಕೃತಿಸ್ವಾಮ್ಯದ ಮಾತು ಹಾಗಿರಲಿ, ಸ್ಕ್ಯಾನ್ ಪ್ರತಿ ಯಾವ ಆವೃತ್ತಿಯದೆಂಬುದೇ ಎಷ್ಟೋ ಬಾರಿ ತಿಳಿಯುವುದಿಲ್ಲ. ಅಕ್ಷರದ ಗಾತ್ರ ಹಿಗ್ಗಿಸಿದಾಗ ಕೆಲವು ಇ-ಪುಸ್ತಕಗಳ ಪುಟಗಳೂ ಬದಲಾಗುವುದರಿಂದ, ಪುಟಸಂಖ್ಯೆಯ ಬದಲು ಆವೃತ್ತಿ, ಅಧ್ಯಾಯ ಮತ್ತು ಚಿತ್ರದ ಸಂಖ್ಯೆಯನ್ನು ನಮೂದಿಸಿ.

ಚಿತ್ರಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ತೋಳಿನ ನರಗಳ ಜಾಲವಾದ ಬ್ರೇಕಿಯಲ್ ಪ್ಲೆಕ್ಸಸ್‌ನ ಚಿತ್ರವನ್ನೇ ನೋಡಿ: ಬೆನ್ನುಹುರಿಯಿಂದ ಹೊರಡುವ ಸಿ5ರಿಂದ ಟಿ1ರವರೆಗಿನ ಐದು ನರಮೂಲಗಳು ಮೂರು ಟ್ರಂಕ್‌ಗಳಾಗಿ, ಆರು ಡಿವಿಷನ್‌ಗಳಾಗಿ ಕವಲೊಡೆದು, ಮತ್ತೆ ಮೂರು ಕಾರ್ಡ್‌ಗಳಾಗಿ ಕೂಡಿಕೊಳ್ಳುವ ಬಗೆಯನ್ನು ಒಂದೇ ನೋಟದಲ್ಲಿ ಗ್ರಹಿಸಬೇಕು, ಆದರೆ ಮೊಬೈಲಿನಲ್ಲಿ ಕಾರ್ಡ್‌ನ ಹೆಸರು ಓದಲು ಹಿಗ್ಗಿಸಿದೊಡನೆ ನರಮೂಲಗಳು ಪರದೆಯಿಂದಾಚೆ ಸರಿದುಬಿಡುತ್ತವೆ. ಆದ್ದರಿಂದ ತರಗತಿಯಲ್ಲಿ ಅದನ್ನು ದೊಡ್ಡ ಪರದೆಯ ಮೇಲೆ ತೋರಿಸಿ, ಬಳಿಕ ಪುಸ್ತಕ ಮುಚ್ಚಿಸಿ ಕಾಗದದ ಮೇಲೆ ಕೈಯಾರೆ ಬರೆಸಿ, ಆನಂತರವೇ ಹೋಲಿಸಿಕೊಳ್ಳಲು ಹೇಳುವುದು ಒಳಿತು. ಬರೆಯದೆ ಬರೀ ಬೆರಳಾಡಿಸಿದವರಿಗೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಅದು ನೆನಪಾಗುವುದು ಕಷ್ಟ.

ಶವಚ್ಛೇದನ ನಡೆಯುವ ಡಿಸೆಕ್ಷನ್ ಹಾಲ್‌ನಲ್ಲಿ ವಿದ್ಯಾರ್ಥಿಗಳು ಪುಸ್ತಕದ ನೆಪದಲ್ಲಿ ಮೊಬೈಲ್ ಹೊರತೆಗೆಯುವಂತಿಲ್ಲ. ದೇಹದಾನ ಮಾಡಿದವರ ಫೋಟೊ ತೆಗೆಯುವುದಕ್ಕೆ ಎಡೆಯೇ ಇರಬಾರದು. ಅಲ್ಲಿ ಸ್ಟ್ಯಾಂಡಿಗೆ ಕೂರಿಸಿದ ವಿಭಾಗದ ಟ್ಯಾಬ್ಲೆಟ್ ಸಾಕು, ಕೈಗವಸು ಹಾಕದ ಒಬ್ಬರು ಮಾತ್ರ ಅದನ್ನು ಮುಟ್ಟಲಿ.

ಕೆಲವು ಇ-ಪುಸ್ತಕಗಳನ್ನು ಏಕಕಾಲಕ್ಕೆ ತೆರೆಯಬಹುದಾದವರ ಸಂಖ್ಯೆಗೆ ಮಿತಿ ಇರುತ್ತದೆಯಾದ್ದರಿಂದ, ಇಡೀ ಬ್ಯಾಚಿಗೆ ಒಂದೇ ಸಂಜೆ ಓದಲು ಹೇಳದೆ ತಂಡಗಳಾಗಿ ಹಂಚಿ.