ಮುರಿದ ತುಂಡನ್ನು ಎಸೆಯಬೇಡಿ: ರೋಬೋಟ್ ತಂಡದ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ, ನಮಸ್ಕಾರ.

ಅಭ್ಯಾಸದ ವೇಳೆ ನಮ್ಮ ಮಕ್ಕಳ ರೋಬೋಟಿನ ಕೈ ಮುರಿದ ಸುದ್ದಿ ನಿಮ್ಮ ಕಿವಿಗೂ ಬಿದ್ದಿದೆ. "ಅಲ್ಯೂಮಿನಿಯಂ ಬಿಡಿ, ದಪ್ಪ ಕಬ್ಬಿಣದ ಪಟ್ಟಿ ಹಾಕಿಸಿ, ದುಡ್ಡು ನಾವು ಕೊಡ್ತೀವಿ" ಎಂದು ಕೆಲವರು ಫೋನ್ ಮಾಡಿದಿರಿ. ನಿಮ್ಮ ಕಾಳಜಿಗೆ ಋಣಿ. ಆದರೆ ಕಬ್ಬಿಣ ಬೇಡ. ಅದು ಅಲ್ಯೂಮಿನಿಯಂಗಿಂತ ಸುಮಾರು 3 ಪಟ್ಟು ಭಾರ. ಕೈ ಭಾರವಾದರೆ ಎತ್ತುವ ಮೋಟರ್ ಬಿಸಿಯಾಗುತ್ತದೆ, ಆಮೇಲೆ ಗೇರಿನ ಹಲ್ಲು ಹೋಗುತ್ತದೆ. ಸ್ಪರ್ಧೆಯಲ್ಲಿ ತೂಕಕ್ಕೂ ಮಿತಿ ಇದೆ.

ಮುರಿದ ತುಂಡನ್ನು ಮಕ್ಕಳು ಭೂತಗನ್ನಡಿಯಲ್ಲಿ ನೋಡಿದರು. ನಾನೂ ನೋಡಿದೆ. ಮುರಿದ ಮುಖದ ಒಂದು ಭಾಗ ನುಣ್ಣಗೆ, ಮಂಕಾಗಿತ್ತು. ಉಳಿದದ್ದು ಒರಟು, ಹೊಸದಾಗಿ ಹೊಳೆಯುತ್ತಿತ್ತು. ಅಂದರೆ ಬಿರುಕು ಅವತ್ತು ಹುಟ್ಟಿದ್ದಲ್ಲ. ಪ್ರತಿ ಸಲ ಕೈ ಎತ್ತಿ ಇಳಿಸಿದಾಗಲೂ ಚೂರು ಚೂರೇ ಬೆಳೆದು, ಕೊನೆಗೆ ಉಳಿದಷ್ಟು ಲೋಹ ಭಾರ ತಡೆಯದೆ ಮುರಿದಿದೆ. ಶುರುವಾದದ್ದು ಗರಗಸದಲ್ಲಿ ಕತ್ತರಿಸಿದ ಚೂಪಾದ ಒಳಮೂಲೆಯಲ್ಲಿ. ಅಗಲ ತಗಡನ್ನು ಎಳೆದಾಗ ದುಂಡನೆ ತೂತಿನ ಅಂಚಿನಲ್ಲೇ ಬೇರೆ ಕಡೆಗಿಂತ 3 ಪಟ್ಟು ಒತ್ತಡ ಬೀಳುತ್ತದೆ. ಚೂಪು ಮೂಲೆಯಲ್ಲಿ ಇನ್ನೂ ಜಾಸ್ತಿ.

1954ರಲ್ಲಿ ಕಾಮೆಟ್ ಎಂಬ ಜೆಟ್ ವಿಮಾನಗಳು ಎರಡು ಆಕಾಶದಲ್ಲೇ ಒಡೆದುಹೋದವು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಅದೇ ಬಗೆಯ ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು ಮತ್ತೆ ಮತ್ತೆ ಒತ್ತಡ ಕೊಟ್ಟು ನೋಡಿದಾಗ ಕಾರಣ ಸಿಕ್ಕಿತು. ಲೋಹ ದಣಿದು, ಕಿಟಕಿಯಂಥ ತೆರಪುಗಳ ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ಅದೇ ಜಾತಿಯ ಬಿರುಕನ್ನು ಕೊಡಗಿನ ಮಕ್ಕಳು ತಮ್ಮ ಕೈಯಲ್ಲಿದ್ದ ತುಂಡಿನಲ್ಲೇ ಗುರುತಿಸಿದರು. ನನ್ನ ಮಟ್ಟಿಗೆ ಇದು ಸ್ಪರ್ಧೆಯಲ್ಲಿ ಗೆಲ್ಲುವ ಯಾವ ಕಪ್ಪಿಗಿಂತಲೂ ದೊಡ್ಡದು.

ಹೊಸ ಕೈಯಲ್ಲಿ ಮೊದಲು ಮೂಲೆಗೆ ದುಂಡನೆ ತೂತು ಕೊರೆದು, ಆಮೇಲೆ ಅದರವರೆಗೆ ಕತ್ತರಿಸಿದ್ದಾರೆ. ಅಂಚಿಗೆ ಅರ ಹಾಕಿದ್ದಾರೆ. ಪಟ್ಟಿಯನ್ನು ಮಲಗಿಸದೆ ನಿಲ್ಲಿಸಿ ಕೂರಿಸಿದ್ದಾರೆ. ದಪ್ಪ ಅಷ್ಟೇ ಇದ್ದು ಎತ್ತರ ಎರಡರಷ್ಟಾದರೆ, ಅದೇ ಭಾರಕ್ಕೆ ಬಾಗುವುದು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ!

ಮಳೆ ರಜೆ ಬಂದರೆ ಮಕ್ಕಳು ಕೆಲವು ಭಾಗಗಳನ್ನು ಮನೆಗೆ ತರುತ್ತಾರೆ. ಏನಾದರೂ ಮುರಿದರೆ ಬೈಯಬೇಡಿ. ಅಂಟು ಹಾಕಬೇಡಿ, ಎರಡು ತುಂಡನ್ನು ಜೋಡಿಸಿ ಉಜ್ಜಿಯೂ ನೋಡಬೇಡಿ, ಗುರುತೆಲ್ಲ ಅಳಿಸಿಹೋಗುತ್ತದೆ. ಸುಮ್ನೆ ಪೇಪರಿನಲ್ಲಿ ಸುತ್ತಿ ಕಳಿಸಿ. ತ್ರೀಡಿ ಪ್ರಿಂಟರಿನ ಭಾಗ ಒದ್ದೆಯಾಯಿತೆಂದು ಒಲೆಯ ಪಕ್ಕ ಇಡಬೇಡಿ. ಆ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸುಮಾರಿಗೇ ಮೆತ್ತಗಾಗುತ್ತದೆ.

ತೋಟ ಇರುವವರ ಮನೆಯಲ್ಲಿ ವೀಡ್ ಕಟರ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಜೀಪಿನ ಮುರಿದ ಶಾಫ್ಟೋ ಗೇರೋ ಬಿದ್ದಿರುತ್ತದೆ ಅಲ್ವಾ? ಗುಜರಿಗೆ ಹಾಕುವ ಮೊದಲು ನಮಗೆ ಕೊಡಿ. ವರ್ಕ್‌ಶಾಪ್ ನಡೆಸುವ ಪೋಷಕರು ಶನಿವಾರ ತರಗತಿ ಮುಗಿದ ಮೇಲೆ ಬಂದು, ಯಾವುದು ಯಾಕೆ ಮುರಿಯಿತು ಎಂದು ಮಕ್ಕಳ ಜೊತೆ ಕೂತು ಮಾತಾಡಿದರೆ ಬಹಳ ಉಪಕಾರವಾಗುತ್ತದೆ. ಬರುವವರು ಶುಕ್ರವಾರದೊಳಗೆ ಕಚೇರಿಗೆ ತಿಳಿಸಿ.

ಇತಿ,
ಮುಖ್ಯ ಶಿಕ್ಷಕರು