ಯೂನಿಟ್ ದರದಲ್ಲಿ ಕೊಟ್ಟದ್ದನ್ನು ಗರಿಷ್ಠ ಬೇಡಿಕೆ ಶುಲ್ಕದಲ್ಲಿ ಕಸಿಯಬೇಡಿ

ಮಾನ್ಯರೇ,

ಸೌರ ವಿದ್ಯುತ್ ಧಾರಾಳವಾಗಿರುವ ಹಗಲಿನಲ್ಲಿ ಹೆಚ್ಚು ಬಳಸಿ, ಸಂಜೆ ಕೈ ಬಿಗಿ ಹಿಡಿಯಿರಿ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಬ್ಯಾಡಗಿಯ ಶೀತಲಗೃಹವೊಂದರಲ್ಲಿ ವಿದ್ಯುತ್ ಉಸ್ತುವಾರಿ ನೋಡುವ ನನಗೆ ಇದು ಪೂರ್ತಿ ಒಪ್ಪಿಗೆ. ಹಾಗೆ ನಡೆಯಲು ಹೊರಟವರಿಗೆ ದರಪಟ್ಟಿಯೇ ಅಡ್ಡಗಾಲು ಹಾಕುತ್ತದೆ ಎಂಬುದಷ್ಟೇ ನನ್ನ ತಕರಾರು.

ಈ ಕೆಲಸಕ್ಕೆ ಮೆಣಸಿನಕಾಯಿ ಶೀತಲಗೃಹ ಹೇಳಿ ಮಾಡಿಸಿದ ಕಟ್ಟಡ. ಸುಗ್ಗಿ ಮುಗಿಯುವ ಹೊತ್ತಿಗೆ ಕೋಣೆಗಳಲ್ಲಿ ಚೀಲಗಳು ಸೂರಿನವರೆಗೆ ಒಟ್ಟಿರುತ್ತವೆ. ಅಷ್ಟೂ ಸರಕನ್ನು ಮಧ್ಯಾಹ್ನವೇ ಒಂದೆರಡು ಡಿಗ್ರಿ ಹೆಚ್ಚಿಗೆ ತಣಿಸಿಟ್ಟರೆ, ಸಂಜೆ ಕಂಪ್ರೆಸರ್ ನಿಲ್ಲಿಸಿದರೂ ಒಳಗಿನ ಉಷ್ಣಾಂಶ ಮೆಲ್ಲಗೆ ಏರುತ್ತದೆ. ಹಮಾಲರು ಬಾಗಿಲು ತೆರೆದಿಟ್ಟು ಚಹಾಕ್ಕೆ ಹೋಗದಿದ್ದರೆ ಆಯಿತು. ಕಾಯಿಯ ಬಣ್ಣಕ್ಕೂ ಧಕ್ಕೆಯಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದೇ ಬಣ್ಣದಿಂದ.

ಕೇಂದ್ರ ಸರ್ಕಾರದ 2023ರ ತಿದ್ದುಪಡಿ ನಿಯಮದ ಪ್ರಕಾರ, 10 ಕಿಲೋವಾಟ್ ಮೀರಿದ ವಾಣಿಜ್ಯ, ಕೈಗಾರಿಕಾ ಗ್ರಾಹಕರಿಗೆ ಸೌರ ಅವಧಿಯ ದರ ಸಾಮಾನ್ಯ ದರಕ್ಕಿಂತ ಶೇ 20ರಷ್ಟಾದರೂ ಕಡಿಮೆಯಿರಬೇಕು. ಬೇಡಿಕೆ ಏರುವ ಅವಧಿಯಲ್ಲಿ ಅದರ ಕನಿಷ್ಠ 1.2 ಪಟ್ಟು ಇರಬೇಕು. ಸರಿ. ಆದರೆ ನಮ್ಮಂಥ ದೊಡ್ಡ ಗ್ರಾಹಕರ ಎಚ್.ಟಿ. (ಹೈ ಟೆನ್ಷನ್) ಬಿಲ್ಲಿನಲ್ಲಿ ಯೂನಿಟ್ ಲೆಕ್ಕವೊಂದೇ ಇರುವುದಿಲ್ಲ. ತಿಂಗಳಲ್ಲಿ ಒಮ್ಮೆಗೇ ಎಳೆದ ಅತಿ ಹೆಚ್ಚಿನ ವಿದ್ಯುತ್ತಿಗೆ, ಅಂದರೆ ನಾವು ಎಂ.ಡಿ. ಎನ್ನುವ ಗರಿಷ್ಠ ಬೇಡಿಕೆಗೆ, ಕೆವಿಎಗೆ (ಬೇಡಿಕೆ ಅಳೆಯುವ ಮಾನ) ಇಷ್ಟು ಎಂದು ಬೇರೆ ಶುಲ್ಕವಿದೆ. ಮಧ್ಯಾಹ್ನ ಎರಡೂ ಕಂಪ್ರೆಸರ್ ಒಟ್ಟಿಗೆ ಹಾಕಿದರೆ ಎಂ.ಡಿ. ಮೇಲೇರುತ್ತದೆ. ಒಂದು ದಿನ ಕೆಲವೇ ನಿಮಿಷ ಏರಿದರೂ ಇಡೀ ತಿಂಗಳಿಗೆ ಅದೇ ಲೆಕ್ಕ. ಅದು ಬಿಸಿಲು ಹೊತ್ತಿನದೋ, ದೀಪ ಹಚ್ಚುವ ಹೊತ್ತಿನದೋ ಎಂದು ಬಿಲ್ಲು ಕೇಳುವುದಿಲ್ಲ. ಹೀಗಿರುವಾಗ, ‘ಒಂದೇ ಯಂತ್ರ ಓಡಿಸಿ, ಹಗಲೂ ರಾತ್ರಿ ಓಡಲಿ ಬಿಡಿ’ ಎನ್ನುವ ಮಾಲೀಕರಿಗೆ ನಾನು ಏನು ಉತ್ತರ ಕೊಡಲಿ?

ವಿದ್ಯುತ್ ಕಾಯ್ದೆ 2003ರ 62(3)ನೇ ಕಲಮು, ಯಾವ ವೇಳೆಗೆ ವಿದ್ಯುತ್ ಬೇಕು ಎಂಬುದನ್ನು ನೋಡಿ ದರದಲ್ಲಿ ವ್ಯತ್ಯಾಸ ಮಾಡಲು ದರ ನಿಗದಿ ಮಾಡುವ ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಅವಕಾಶ ಕೊಟ್ಟಿದೆ. ಆ ವ್ಯತ್ಯಾಸ ಎಂ.ಡಿ.ಗೂ ಅನ್ವಯವಾಗಲಿ. ಕಂಪನಿಯೊಂದಿಗೆ ಒಪ್ಪಂದವಾದ ಬೇಡಿಕೆಯ ಪ್ರಮಾಣ ಮೀರದಿರುವವರೆಗೆ, ಸೌರ ಅವಧಿಯ ಗರಿಷ್ಠ ಬೇಡಿಕೆಯನ್ನು ಶುಲ್ಕದ ಲೆಕ್ಕದಿಂದ ಬಿಡಲಿ. ಮೀರಿದವರು ದಂಡ ಕಟ್ಟಲಿ. ಟ್ರಾನ್ಸ್‌ಫಾರ್ಮರಿಗೂ ಮಿತಿಯಿದೆ, ಅದರ ಬಗ್ಗೆ ನನ್ನ ವಾದವಿಲ್ಲ. ನಮ್ಮ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂನ ದರ ಪ್ರಸ್ತಾವದ ಮೇಲಿನ ಮುಂದಿನ ವಿಚಾರಣೆಯಲ್ಲಿ ಇದನ್ನು ಯಾರಾದರೂ ಎತ್ತಬೇಕು. ಹುಬ್ಬಳ್ಳಿಯ ದೊಡ್ಡ ಹೋಟೆಲು, ಆಸ್ಪತ್ರೆಗಳ ಎ.ಸಿ. ಘಟಕಗಳದ್ದೂ ಬಹುಪಾಲು ಇದೇ ಪಾಡು.

ಇನ್ನೊಂದು ಮಾತು. ವಿದ್ಯುತ್ ಕಂಪನಿ ಕೇಳಿದಾಗ ಲೋಡ್ ಇಳಿಸುವ ಗ್ರಾಹಕರಿಗೆ ಪ್ರೋತ್ಸಾಹಧನ ಕೊಡುವ ಕ್ರಮವನ್ನು ಟಾಟಾ ಪವರ್ ಮುಂಬೈಯಲ್ಲಿ ಜಾರಿಗೆ ತಂದಿದೆ. ನಮ್ಮಲ್ಲೂ ತರುವುದಾದರೆ ಸೂಚನೆ ಬೆಳಿಗ್ಗೆಯೇ ಬರಲಿ. ಕೋಣೆ ತಣಿಸಲು ಗಂಟೆಗಳು ಬೇಕು. ಸಂಜೆ ಆರಕ್ಕೆ ಮೊಬೈಲ್‌ಗೆ ಬರುವ ಸಂದೇಶದಿಂದ ನಮಗೇನೂ ಪ್ರಯೋಜನವಿಲ್ಲ.

– ಶೀತಲಗೃಹದ ವಿದ್ಯುತ್ ಮೇಲ್ವಿಚಾರಕ, ಬ್ಯಾಡಗಿ, ಹಾವೇರಿ ಜಿಲ್ಲೆ